ನುಂಗಿದ್ದೆಲ್ಲ ಮೈಗೆ ಹತ್ತುವುದಿಲ್ಲ

1941ರ ಫೆಬ್ರುವರಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆ ಸೋಂಕಿನಿಂದ ಸಾವಿನಂಚಿನಲ್ಲಿದ್ದರು. ಮುಖದಲ್ಲೆಲ್ಲ ಕೀವು, ಒಂದು ಕಣ್ಣನ್ನು ಆಗಲೇ ತೆಗೆದುಹಾಕಲಾಗಿತ್ತು. ವಿಜ್ಞಾನಿ ಹೋವರ್ಡ್ ಫ್ಲೋರಿ ಅವರ ತಂಡ ಈ ಪೇದೆಗೆ ಪೆನಿಸಿಲಿನ್ ಚುಚ್ಚಿತು. ಜ್ವರ ಇಳಿಯಿತು, ಊಟ ಸೇರತೊಡಗಿತು. ಆದರೆ ತಂಡದ ಬಳಿ ಇದ್ದ ಔಷಧವೇ ತೀರಾ ಕಡಿಮೆ. ಹಾಗಾಗಿ ರೋಗಿಯ ಮೂತ್ರವನ್ನು ಹಿಡಿದಿಟ್ಟು, ಸೈಕಲ್ ಮೇಲೆ ಪ್ರಯೋಗಾಲಯಕ್ಕೆ ಸಾಗಿಸಿ, ಅದರಲ್ಲಿದ್ದ ಪೆನಿಸಿಲಿನ್ನನ್ನು ಬೇರ್ಪಡಿಸಿ ಮತ್ತೆ ಅದೇ ರೋಗಿಗೆ ಚುಚ್ಚಿದರು. ಅದೂ ಸಾಲಲಿಲ್ಲ. ಸೋಂಕು ಮರುಕಳಿಸಿ, ಮಾರ್ಚ್ ಮಧ್ಯದ ಹೊತ್ತಿಗೆ ಅಲೆಕ್ಸಾಂಡರ್ ತೀರಿಕೊಂಡರು.

ಅಷ್ಟು ಅಮೂಲ್ಯವಾದ ಔಷಧ ಮೂತ್ರಕ್ಕೆ ಯಾಕೆ ಹೋಗುತ್ತಿತ್ತು? ಮೂತ್ರಪಿಂಡ ರಕ್ತವನ್ನು ಸೋಸುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅದು ಅರ್ಧ ಕಥೆ ಮಾತ್ರ. ಮೂತ್ರಪಿಂಡಕ್ಕೆ ಬರುವ ರಕ್ತದ್ರವದಲ್ಲಿ ಒಂದು ಸಲಕ್ಕೆ ಸೋಸಿಹೋಗುವುದು ಹೆಚ್ಚುಕಡಿಮೆ ಐದನೇ ಒಂದು ಪಾಲು. ಪೆನಿಸಿಲಿನ್ ಅದಕ್ಕಿಂತ ಎಷ್ಟೋ ವೇಗವಾಗಿ ಮಾಯವಾಗುತ್ತದೆ; ಸುಮಾರು ಅರ್ಧ ಗಂಟೆಯಲ್ಲಿ ರಕ್ತದಲ್ಲಿರುವುದು ಅರ್ಧಕ್ಕಿಳಿಯುತ್ತದೆ. ಮೂತ್ರನಾಳಿಕೆಗಳ ಜೀವಕೋಶಗಳಲ್ಲಿರುವ ಸಾಗಣೆ ಪ್ರೋಟೀನ್‌ಗಳು ಅದನ್ನು ರಕ್ತದಿಂದ ಹಿಡಿದು ಮೂತ್ರಕ್ಕೆ ದಾಟಿಸುತ್ತವೆ. ಒಎಟಿ-1, ಒಎಟಿ-3 ಎಂಬ ಹೆಸರು ಅವಕ್ಕೆ ಬಂದದ್ದು ದಶಕಗಳ ನಂತರ. ಹೆಸರು ತಿಳಿಯುವ ಮೊದಲೇ ಅಮೆರಿಕದ ವಿಜ್ಞಾನಿ ಕಾರ್ಲ್ ಬೇಯರ್, ಆ ದಾರಿಯನ್ನೇ ಅಡ್ಡಗಟ್ಟಿದರೆ ಔಷಧ ಮೈಯಲ್ಲಿ ಹೆಚ್ಚು ಹೊತ್ತು ಉಳಿದೀತು ಎಂದು ಯೋಚಿಸಿದರು. ಅವರ ತಂಡದ ಹುಡುಕಾಟದಿಂದ ಪ್ರೊಬೆನೆಸಿಡ್ ಎಂಬ ಔಷಧ ಹುಟ್ಟಿತು. ಅದು ಬಳಕೆಗೆ ಬರುವ ಹೊತ್ತಿಗೆ ಪೆನಿಸಿಲಿನ್ ಹೇರಳವಾಗಿ ಸಿಗುತ್ತಿತ್ತು, ಆದರೂ ಕೆಲವು ಸೋಂಕುಗಳಿಗೆ ಈ ಜೋಡಿ ಇಂದಿಗೂ ಉಳಿದಿದೆ. ಸಿಡೋಫೋವಿರ್ ಎಂಬ ವೈರಾಣು ಔಷಧ ಕೊಡುವಾಗಲೂ ಪ್ರೊಬೆನೆಸಿಡ್ ಕೊಡುತ್ತಾರೆ. ಅಲ್ಲಿ ಉದ್ದೇಶವೇ ಬೇರೆ: ವಿಷವಾಗಬಲ್ಲ ಆ ಔಷಧ ಮೂತ್ರಪಿಂಡದ ಜೀವಕೋಶದೊಳಗೆ ನುಗ್ಗದಂತೆ ತಡೆಯುವುದು.

ಇಂಥ ಸಾಗಣೆ ಪ್ರೋಟೀನ್‌ಗಳು ಮೂತ್ರಪಿಂಡದಲ್ಲಿ ಮಾತ್ರ ಇರುವುದಲ್ಲ. ಜೀವಕೋಶದ ಪೊರೆ ಕೊಬ್ಬಿನದು. ಕೆಲವು ಔಷಧಗಳು ಅದರಲ್ಲಿ ಕರಗಿ ತಾವೇ ಒಳಸೇರುತ್ತವೆ, ಇನ್ನು ಕೆಲವಕ್ಕೆ ಒಳಗೆ ಕರೆದೊಯ್ಯುವ ಪ್ರೋಟೀನ್ ಬೇಕು. ಹಾಗೆಯೇ ಒಳಬಂದದ್ದನ್ನು ಹೊರದಬ್ಬುವ ಪ್ರೋಟೀನ್‌ಗಳೂ ಇವೆ. 1976ರಲ್ಲಿ ಕೆನಡಾದ ಟೊರಾಂಟೊದಲ್ಲಿ ರುಡಾಲ್ಫ್ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್ ಗುರುತಿಸಿದ ಪಿ-ಗ್ಲೈಕೋಪ್ರೋಟೀನ್ ಇಂಥದ್ದು. ಅವರು ನೋಡುತ್ತಿದ್ದುದು ಔಷಧಕ್ಕೆ ಬಗ್ಗದ ಜೀವಕೋಶಗಳನ್ನು. ತೂತುಬಿದ್ದ ದೋಣಿಯಿಂದ ನೀರು ಮೊಗೆದು ಹೊರಚೆಲ್ಲುವವರಂತೆ ಈ ಪ್ರೋಟೀನ್ ಔಷಧವನ್ನು ಬಂದ ಬಂದಂತೆ ಹೊರಹಾಕುತ್ತದೆ. ಕ್ಯಾನ್ಸರ್ ಗಡ್ಡೆಗಳು ಕಿಮೊಥೆರಪಿಯನ್ನು ತಾಳಿಕೊಳ್ಳುವ ದಾರಿಗಳಲ್ಲಿ ಇದೂ ಒಂದು.

ಆರೋಗ್ಯವಂತರ ಮೈಯಲ್ಲಿ ಇದಕ್ಕೇನು ಕೆಲಸ? ಉತ್ತರ ಸಿಕ್ಕಿದ್ದು ಆಕಸ್ಮಿಕವಾಗಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಲ್ಫ್ರೆಡ್ ಶಿಂಕೆಲ್ ತಂಡ ಈ ಪ್ರೋಟೀನಿನ ಒಂದು ಜೀನ್ ಇಲ್ಲದ ಇಲಿಗಳನ್ನು ಬೆಳೆಸಿತ್ತು. ನೋಡಲು ಎಲ್ಲವೂ ಗಟ್ಟಿಮುಟ್ಟು. ಇಲಿಮನೆಯಲ್ಲಿ ನುಸಿ ಕಾಟ ಶುರುವಾಗಿ ಐವರ್ಮೆಕ್ಟಿನ್ ಸಿಂಪಡಿಸಿದರು. ಮಾಮೂಲಿ ಇಲಿಗಳಿಗೆ ಏನೂ ಆಗಲಿಲ್ಲ; ಜೀನ್ ಇಲ್ಲದವು ಸತ್ತುಬಿದ್ದವು. ಆಮೇಲೆ ಪರೀಕ್ಷಿಸಿದಾಗ ಅಂಥ ಇಲಿಗಳ ಮೆದುಳಿಗೆ ಐವರ್ಮೆಕ್ಟಿನ್ ಹತ್ತಾರು ಪಟ್ಟು ಹೆಚ್ಚು ಸೇರುವುದು ಕಂಡಿತು. ಮೆದುಳಿನ ರಕ್ತನಾಳಗಳಲ್ಲಿ ಕುಳಿತು ಈ ಪ್ರೋಟೀನ್ ವಿಷವನ್ನು ತಡೆಯುತ್ತಿತ್ತು ಎಂದು 1994ರಲ್ಲಿ ಜಗತ್ತಿಗೆ ಗೊತ್ತಾಯಿತು. ಕಾಲಿ ತಳಿಯ ನಾಯಿಗಳಿಗೆ ಐವರ್ಮೆಕ್ಟಿನ್ ಯಾಕೆ ಆಗಿಬರುವುದಿಲ್ಲ ಎಂಬ ಹಳೆಯ ಪ್ರಶ್ನೆಗೂ ಉತ್ತರ ಇಲ್ಲೇ ಇತ್ತು. ಅವುಗಳಲ್ಲಿ ಬಹಳಷ್ಟು ಹುಟ್ಟಿನಿಂದಲೇ ಈ ಜೀನ್ ಕೆಟ್ಟಿರುವ ನಾಯಿಗಳು.

ಭೇದಿ ನಿಲ್ಲಿಸಲು ಅಂಗಡಿಯಿಂದ ತಂದು ನುಂಗುವ ಲೋಪೆರಮೈಡ್ ಅಫೀಮಿನ ಬಳಗಕ್ಕೆ ಸೇರಿದ ಔಷಧ. ಆದರೂ ಅದರಿಂದ ಅಮಲೇರುವುದಿಲ್ಲ, ಏಕೆಂದರೆ ಮೆದುಳಿನತ್ತ ಹೋದದ್ದನ್ನು ಇದೇ ಪ್ರೋಟೀನ್ ಹಿಂದಕ್ಕೆ ತಳ್ಳುತ್ತದೆ. ಲೋಪೆರಮೈಡ್ ಜತೆ ಕ್ವಿನಿಡಿನ್ ಎಂಬ ಔಷಧ ಕೊಟ್ಟು ಆ ಪ್ರೋಟೀನನ್ನು ತಡೆದಾಗ, ಆರೋಗ್ಯವಂತರಲ್ಲೂ ಉಸಿರಾಟ ಮಂದವಾದದ್ದು ಪ್ರಯೋಗದಲ್ಲಿ ಕಂಡಿದೆ. ಹೃದ್ರೋಗಿಗಳು ಸೇವಿಸುವ ಡಿಗಾಕ್ಸಿನ್ ಜತೆ ಕ್ವಿನಿಡಿನ್ ಸೇರಿದರೆ ರಕ್ತದಲ್ಲಿ ಡಿಗಾಕ್ಸಿನ್ ಮಟ್ಟ ಏರುವುದನ್ನು ವೈದ್ಯರು 1970ರ ದಶಕದಲ್ಲೇ ಗಮನಿಸಿದ್ದರು. ಇಲ್ಲೂ ಕ್ವಿನಿಡಿನ್ ತಡೆಯುತ್ತಿದ್ದುದು ಇದೇ ಪ್ರೋಟೀನನ್ನು ಎಂದು ತಿಳಿಯಲು ಎರಡು ದಶಕ ಬೇಕಾಯಿತು. ಡಿಗಾಕ್ಸಿನ್‌ನಲ್ಲಿ ಮದ್ದಿಗೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು, ಹಾಗಾಗಿ ಇದು ಜೀವದ ಪ್ರಶ್ನೆ. ಕ್ಷಯದ ಔಷಧ ರಿಫಾಂಪಿಸಿನ್ ಕ್ವಿನಿಡಿನ್‌ಗೆ ವಿರುದ್ಧ. ಅದು ಕರುಳಿನಲ್ಲಿ ಪಿ-ಗ್ಲೈಕೋಪ್ರೋಟೀನನ್ನು ಹೆಚ್ಚಿಸಿ, ನುಂಗಿದ ಡಿಗಾಕ್ಸಿನ್ ರಕ್ತಕ್ಕೆ ಸೇರುವುದನ್ನೇ ತಗ್ಗಿಸುತ್ತದೆ.

ಹಣ್ಣಿನ ರಸವೂ ಈ ಆಟದಲ್ಲಿದೆ. ದೂಳಿನ ಅಲರ್ಜಿಗೆ ನಮ್ಮಲ್ಲಿ ಬಹಳ ಜನ ನುಂಗುವ ಫೆಕ್ಸೊಫೆನಡಿನ್ ಕರುಳಿನಿಂದ ರಕ್ತಕ್ಕೆ ಸೇರಲು ಒಎಟಿಪಿ ಎಂಬ ಪ್ರೋಟೀನ್ ನೆರವು ಬೇಕು. ಗ್ರೇಪ್‌ಫ್ರೂಟ್ ಮಾತ್ರವಲ್ಲ, ಕಿತ್ತಳೆ, ಸೇಬಿನ ರಸವೂ ಆ ಪ್ರೋಟೀನನ್ನು ತಡೆಯುತ್ತದೆ. ರಸವನ್ನು ಹೇರಳವಾಗಿ ಕುಡಿಸಿದ ಒಂದು ಪ್ರಯೋಗದಲ್ಲಿ ರಕ್ತಕ್ಕೆ ಸೇರಿದ ಔಷಧ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ದೂರುವ ಮೊದಲು ಅದನ್ನು ಯಾವುದರ ಜತೆ ನುಂಗುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ಬರೀ ನೀರು ಸಾಕು.

ನನಗೆ ಎಲ್ಲಕ್ಕಿಂತ ಕಾಳಜಿಯ ವಿಷಯ ಮೆಟ್‌ಫಾರ್ಮಿನ್. ಸಕ್ಕರೆ ಕಾಯಿಲೆಯ ಈ ಮಾತ್ರೆ ಯಾರ ಮನೆಯಲ್ಲಿಲ್ಲ? ಯಕೃತ್ತು ಇದನ್ನು ಒಡೆಯುವುದಿಲ್ಲ. ಸಾಗಣೆ ಪ್ರೋಟೀನ್‌ಗಳ ಮೂಲಕ ಇದ್ದ ರೂಪದಲ್ಲೇ ಮೂತ್ರದಲ್ಲಿ ಹೊರಹೋಗುತ್ತದೆ. ಭಾರತದಲ್ಲಿ ಈಗ ಎಚ್‌ಐವಿ ಚಿಕಿತ್ಸೆಯ ಮುಖ್ಯ ಔಷಧವಾಗಿರುವ ಡೊಲುಟೆಗ್ರವಿರ್ ಈ ದಾರಿಯನ್ನು ಕಟ್ಟಿಹಾಕುತ್ತದೆ. ರಕ್ತದಲ್ಲಿ ಮೆಟ್‌ಫಾರ್ಮಿನ್ ಗಣನೀಯವಾಗಿ ಏರುತ್ತದೆ. ಹಾಗೆಂದು ಎರಡನ್ನೂ ಕೊಡಬಾರದೆಂದಲ್ಲ. ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ನೋಡಿಕೊಂಡು, ಮೂತ್ರಪಿಂಡದ ಮೇಲೆ ಕಣ್ಣಿಟ್ಟರೆ ಸಾಮಾನ್ಯವಾಗಿ ಸಾಕು. ಆದರೆ ಎಚ್‌ಐವಿ ಮಾತ್ರೆ ಒಂದು ಕಡೆ, ಸಕ್ಕರೆ ಮಾತ್ರೆ ಇನ್ನೊಂದು ಕಡೆ ಬರೆಸಿಕೊಳ್ಳುವವರು, ಕಾಯಿಲೆಯ ಹೆಸರು ಹೇಳಲು ಅಂಜಿ ಒಬ್ಬ ವೈದ್ಯರಿಗೆ ಇನ್ನೊಬ್ಬರ ಚೀಟಿ ತೋರಿಸದವರು ಎಷ್ಟೋ ಮಂದಿ ಇದ್ದಾರೆ. ಇಂಥವರಿಗೆ ಗದರದೆ, ಗುಟ್ಟು ಕಾಪಾಡುತ್ತೇನೆಂಬ ಭರವಸೆ ಕೊಟ್ಟು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ತಂದು ತೋರಿಸಿ ಎಂದು ಕೇಳುವ ಕೆಲಸ ವೈದ್ಯರದ್ದು ಮತ್ತು ಔಷಧ ಕೊಡುವ ಫಾರ್ಮಸಿಸ್ಟರದ್ದು.