ಹೊಳೆಯಲ್ಲಿ ಲೀಟರಿಗೆ ಎಷ್ಟು ದೂರ?

ಕಲಬುರಗಿಯಲ್ಲಿ ಬೈಕು ಕೊಳ್ಳಲು ಹೋದವರು ಮೊದಲು ಕೇಳುವ ಮಾತು, ‘ಆವರೇಜ್ ಎಷ್ಟ ಕೊಡ್ತದ?’ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿನ ಬಗ್ಗೆ ಇದನ್ನೇ ಕೇಳಿದರೆ ಉತ್ತರ ಗಂಟೆಯ ಲೆಕ್ಕದಲ್ಲಿ ಬರುತ್ತದೆ: ಗಂಟೆಗೆ ಇಷ್ಟು ಲೀಟರ್. ಎಂಜಿನ್ ಎಷ್ಟು ಕುಡಿಯಿತು ಎಂಬುದು ಅದರಿಂದ ಗೊತ್ತಾಗುತ್ತದೆ. ದೋಣಿ ಎಷ್ಟು ದೂರ ಹೋಯಿತು ಎಂಬುದು ಗೊತ್ತಾಗುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಭೀಮೆಯ ದಂಡೆ ಮೀರಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನುಗ್ಗಿತು. ರಕ್ಷಣೆಗೆ ಎನ್‌ಡಿಆರ್‌ಎಫ್ ಮತ್ತು ಸೇನೆಯನ್ನು ಕರೆಸಬೇಕಾಯಿತು. ಅಂಥ ನೀರಿನಲ್ಲಿ ದೋಣಿ ಇಳಿಸುವವರಿಗೆ ಬೇಕಾದದ್ದು ದೂರದ ಲೆಕ್ಕ.

ರಸ್ತೆಯ ಗಾಡಿಗಿಲ್ಲದ ಒಂದು ತೊಡಕು ದೋಣಿಗಿದೆ. ಅದು ಚಲಿಸುವಾಗ ತಾನೇ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೂ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದ ಹೊತ್ತಿಗೆ ಮೂತಿ ಮೇಲೇಳುತ್ತದೆ, ಹಿಂಭಾಗ ಕುಸಿಯುತ್ತದೆ. ಎಂಜಿನ್ ತಾನೆಬ್ಬಿಸಿದ ಅಲೆಯನ್ನೇ ಹತ್ತಲು ಹೆಣಗುತ್ತದೆ. 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಸಣ್ಣ ಮಾದರಿ ಹಡಗುಗಳನ್ನು ನೀರಿನ ತೊಟ್ಟಿಯಲ್ಲಿ ಎಳೆಸಿ ಈ ತಡೆಯನ್ನು ಅಳೆದರು. ಅವರ ಹೆಸರಿನ ಲೆಕ್ಕದ ಪ್ರಕಾರ, ನೀರಿನ ಮಟ್ಟದಲ್ಲಿ 4.7 ಮೀಟರ್ ಉದ್ದವಿರುವ ದೋಣಿಗೆ ಈ ಗಡಿ ಎದುರಾಗುವುದು ಗಂಟೆಗೆ ಸುಮಾರು 10 ಕಿ.ಮೀ. ವೇಗದಲ್ಲಿ. ಗಡಿ ದಾಟುವಷ್ಟು ಶಕ್ತಿಯಿದ್ದರೆ ಚಪ್ಪಟೆ ತಳದ ದೋಣಿ ನೀರಿನ ಮೇಲಕ್ಕೆದ್ದು ಜಾರತೊಡಗುತ್ತದೆ, ಆಗ ಕಿಲೋಮೀಟರಿನ ಖರ್ಚು ಇಳಿಯುತ್ತದೆ. ಜನರನ್ನು ತುಂಬಿಕೊಂಡ ದೋಣಿ ಹಲವು ಸಲ ಮೇಲೇಳುವುದೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಅದು ಅತಿ ದುಬಾರಿ ವೇಗದಲ್ಲೇ ಸಿಕ್ಕಿಕೊಂಡಿರುತ್ತದೆ. ಹೀಗಾಗಿ ಖಾಲಿ ದೋಣಿಯಲ್ಲಿ ಅಳೆದ ಅಂಕಿಯನ್ನು ನಂಬಬಾರದು. ಹೊರಬೇಕಾದಷ್ಟೇ ತೂಕ ಹೇರಿ ಅಳೆಯಬೇಕು.

ಅಳೆಯಲು ನಿಂತ ನೀರು ಬೇಕು. ಕಲಬುರಗಿಯಲ್ಲಿ ಅದು ಊರೊಳಗೇ ಇದೆ: ಶರಣಬಸವೇಶ್ವರ ದೇವಸ್ಥಾನದ ಬಳಿಯ ಅಪ್ಪನ ಕೆರೆ. ಇಂಥ ಕೆರೆಯ ಆಳವಿರುವ ಕಡೆಯೇ ಅಳತೆ ನಡೆಯಬೇಕು, ಯಾಕೆಂದರೆ ಆಳವಿಲ್ಲದ ನೀರಿನಲ್ಲಿ ಅಲೆಯ ತಡೆ ಇನ್ನೂ ಕಡಿಮೆ ವೇಗಕ್ಕೇ ಶುರುವಾಗುತ್ತದೆ. ಮುಳುಗಿದ ಹೊಲಗಳ ಮೇಲೆ ದೋಣಿ ಓಡಿಸುವವರೂ ಇದನ್ನು ನೆನಪಿಡಬೇಕು.

ವಿಧಾನ ಸರಳ. ಎಂಜಿನ್ನಿಗೆ ಪೈಪಿನಿಂದ ಜೋಡಿಸುವ ಕ್ಯಾನನ್ನು ಬಿಚ್ಚಿ ತಕ್ಕಡಿಯಲ್ಲಿ ತೂಗಿ. ಒಂದೇ ವೇಗದಲ್ಲಿ 20 ನಿಮಿಷ ಓಡಿಸಿ ಮತ್ತೆ ತೂಗಿ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಕ್ಯಾನಿನ ತೂಕ 1,480 ಗ್ರಾಂ ಇಳಿದಿದ್ದರೆ ಎರಡು ಲೀಟರ್ ಉರಿದಿದೆ, ಅಂದರೆ ಗಂಟೆಗೆ ಆರು. ನೇರ ಓಟದಲ್ಲಿ ಮೊಬೈಲಿನ ಜಿಪಿಎಸ್ ವೇಗವನ್ನು ಗಾಳಿಯ ದಿಕ್ಕಿಗೂ ಗಾಳಿಗೆ ಎದುರಾಗಿಯೂ ನೋಡಿ ಸರಾಸರಿ ತೆಗೆಯಿರಿ. ಅದು 12 ಕಿ.ಮೀ. ಬಂದರೆ ಕಿಲೋಮೀಟರಿಗೆ ಅರ್ಧ ಲೀಟರ್.

ಕ್ಯಾನಿನ ಮೇಲಿನ ಲೀಟರ್ ಗೆರೆ ನೋಡಿದರೆ ಸಾಲದೇ? ನಮ್ಮ ಬಿಸಿಲಿನಲ್ಲಿ ಸಾಲದು. ಒಂದೊಂದು ಡಿಗ್ರಿ ಬಿಸಿಗೂ ಪೆಟ್ರೋಲ್ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ ತುಂಬಿದ 20 ಲೀಟರ್, ಮಧ್ಯಾಹ್ನ 40 ಡಿಗ್ರಿಗೆ ಬಂದಾಗ ಸುಮಾರು 300 ಮಿಲಿಲೀಟರ್ ಹೆಚ್ಚು ತೋರಿಸುತ್ತದೆ. ತೂಕಕ್ಕೆ ಬಿಸಿಲಿನ ಹಂಗಿಲ್ಲ.

ಇನ್ನು ಹೊಳೆಗೆ ಬರೋಣ. ಹೋಗುವಾಗ ಹರಿವು ಸಹಾಯ ಮಾಡುತ್ತದೆ, ಬರುವಾಗ ತಡೆಯುತ್ತದೆ, ಒಟ್ಟಿನಲ್ಲಿ ಸರಿಹೋಗುತ್ತದೆ ಎಂದು ಅನುಭವಿಗಳೂ ಅಂದುಕೊಳ್ಳುತ್ತಾರೆ. ಸರಿಹೋಗುವುದಿಲ್ಲ. ಅದೇ ದೋಣಿ, ಅದೇ 12 ಕಿ.ಮೀ. ವೇಗ, ಗಂಟೆಗೆ ಆರು ಲೀಟರ್. ಹರಿವು ಗಂಟೆಗೆ 8 ಕಿ.ಮೀ. ಇದೆ ಎನ್ನಿ. ಹರಿವಿನ ಜೊತೆ ದೋಣಿ 20ರ ವೇಗದಲ್ಲಿ ಸಾಗುತ್ತದೆ, ಖರ್ಚು ಕಿಲೋಮೀಟರಿಗೆ 0.3 ಲೀಟರ್. ಎದುರು ಬರುವಾಗ ವೇಗ ಬರೀ 4, ಖರ್ಚು ಒಂದೂವರೆ ಲೀಟರ್. ಹೋಗಿಬರುವ ಸರಾಸರಿ 0.9 ಲೀಟರ್, ಕೆರೆಯಲ್ಲಿ ಸಿಕ್ಕ ಅರ್ಧ ಲೀಟರಿಗೆ ಹೆಚ್ಚುಕಡಿಮೆ ಎರಡು ಪಟ್ಟು. ಕಾರಣ ಸಮಯ: ಕಷ್ಟದ ದಾರಿಯಲ್ಲಿ ಎಂಜಿನ್ ಐದು ಪಟ್ಟು ಹೆಚ್ಚು ಹೊತ್ತು ಉರಿಯುತ್ತದೆ. ಐದು ಕಿ.ಮೀ. ಕೆಳಗಿನ ಹಳ್ಳಿಗೆ ಹೋಗಲು ಒಂದೂವರೆ ಲೀಟರ್ ಸಾಕು, ವಾಪಸು ಬರಲು ಏಳೂವರೆ ಬೇಕು. ಅರ್ಧ ಕ್ಯಾನ್ ಹೋಗಲು, ಅರ್ಧ ಬರಲು ಎಂದು ಲೆಕ್ಕ ಹಾಕಿದವರು ನಡುನೀರಿನಲ್ಲಿ ಎಂಜಿನ್ ಕಳೆದುಕೊಳ್ಳುತ್ತಾರೆ.

ಎದುರು ಹರಿವಿನಲ್ಲಿ ತೀರಾ ನಿಧಾನವೂ ನಷ್ಟವೇ. ದೋಣಿ ಮೂತಿ ಎತ್ತದಷ್ಟು ವೇಗದಲ್ಲಿದ್ದಾಗ ಗಂಟೆಯ ಇಂಧನ ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. ಆ ನಿಯಮದಿಂದ ಹೊರಡುವ ಉತ್ತರ: ಹರಿವಿನ ಒಂದೂವರೆ ಪಟ್ಟು ವೇಗದಲ್ಲಿ ಖರ್ಚು ಎಲ್ಲಕ್ಕಿಂತ ಕಡಿಮೆ. ಹರಿವು 4 ಇದ್ದರೆ ದೋಣಿಗೆ ನೀರಿನಲ್ಲಿ 6ರ ವೇಗ.

ಎಂಜಿನ್ನಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಕಾರ್ಬುರೇಟರ್ ಟೂ-ಸ್ಟ್ರೋಕ್‌ಗಳಲ್ಲಿ ಇಂಧನದ ಕಾಲುಭಾಗದವರೆಗೂ ಉರಿಯದೆ ಹೊಗೆಯೊಂದಿಗೆ ಹೊರಬೀಳುತ್ತದೆ. ಫೋರ್-ಸ್ಟ್ರೋಕ್‌ಗಳಲ್ಲಿ ಈ ಸೋರಿಕೆ ಇಲ್ಲದಷ್ಟು ಕಡಿಮೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುತ್ತ ಬಂದ ಕರಾವಳಿಯ ನಾಡದೋಣಿ ಮೀನುಗಾರರಿಗೆ ಈ ವ್ಯತ್ಯಾಸ ನೇರವಾಗಿ ದಿನದ ದುಡಿಮೆಗೆ ತಾಗುತ್ತದೆ. ಸೀಮೆಎಣ್ಣೆ ಸಬ್ಸಿಡಿಯ ಚರ್ಚೆಯ ಜೊತೆಗೆ ಅವರ ಕೈಗೊಂದು ತಕ್ಕಡಿಯನ್ನೂ ಅಳೆಯುವ ವಿಧಾನವನ್ನೂ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಭೀಮೆಯ ದಂಡೆಯ ತಾಲ್ಲೂಕುಗಳಲ್ಲಿ ರಕ್ಷಣಾ ದೋಣಿಗಳ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಇಷ್ಟು: ಪ್ರತಿ ಮುಂಗಾರಿಗೆ ಮೊದಲು ಪ್ರತಿ ದೋಣಿಯನ್ನೂ ಪೂರ್ತಿ ತೂಕ ಹೇರಿ ನಿಂತ ನೀರಿನಲ್ಲಿ ಓಡಿಸಿ. ಗಂಟೆಗೆ ಎಷ್ಟು ಲೀಟರ್, ನಿಂತ ನೀರಿನಲ್ಲಿ ಎಷ್ಟು ವೇಗ, ಈ ಎರಡು ಅಂಕಿಗಳನ್ನು ಎಂಜಿನ್ನಿನ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆಸಿ. ಹರಿವಿನ ವೇಗ ತಿಳಿದರೆ ವಾಪಸು ಬರುವ ಪೆಟ್ರೋಲನ್ನು ದಂಡೆಯಲ್ಲಿ ನಿಂತೇ ಲೆಕ್ಕ ಹಾಕಬಹುದು.