ಸಸ್ಕಾಟೂನ್ ನಗರದ ಏಳಿಗೆ: ಜನ, ಧಾನ್ಯ, ಖನಿಜ

ನಗರವೊಂದು ಬೆಳೆಯಬೇಕಾದರೆ ಬಂದರಾಗಲಿ, ರಾಜಧಾನಿಯ ಪಟ್ಟವಾಗಲಿ, ಕ್ಷೇತ್ರಮಹಿಮೆಯಾಗಲಿ ಇರಬೇಕೆಂಬುದು ಸಾಮಾನ್ಯವಾದ ಎಣಿಕೆ. ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ ಸಸ್ಕಾಟೂನ್ ನಗರಕ್ಕೆ ಈ ಮೂರೂ ಇಲ್ಲ. ಪ್ರಾಂತದ ರಾಜಧಾನಿ ರೆಜೈನಾ, ಸಮುದ್ರವೋ ಬಹುದೂರ, ಚಳಿಗಾಲದಲ್ಲಿ ಉಷ್ಣಮಾನವು ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಆದರೂ 1901ರ ಜನಗಣತಿಯಲ್ಲಿ ಕೇವಲ 113 ಮಂದಿ ವಾಸವಾಗಿದ್ದ ಈ ಸ್ಥಳದಲ್ಲಿ 2021ರ ಗಣತಿಯ ವೇಳೆಗೆ 2,66,141 ಮಂದಿ ನೆಲೆಸಿದ್ದರು. ಇದು ಹೇಗೆ ಸಾಧ್ಯವಾಯಿತೆಂಬುದು ವಿಚಾರಾರ್ಹವಾಗಿದೆ.

ಊರಿನ ಸ್ಥಾಪನೆಯ ವೃತ್ತಾಂತವೇ ವಿಲಕ್ಷಣವಾದುದು. ಮದ್ಯಪಾನವಿಲ್ಲದ ಒಂದು ವಸಾಹತನ್ನು ಕಟ್ಟಬೇಕೆಂದು ಟೊರಾಂಟೊ ನಗರದ ಪಾನನಿರೋಧವಾದಿಗಳು ಸಂಘವೊಂದನ್ನು ರಚಿಸಿಕೊಂಡರು. ಅವರ ಪರವಾಗಿ ಜಾನ್ ಲೇಕ್ ಎಂಬಾತನು 1882ರಲ್ಲಿ ಡಕೋಟಾ ಜನರ ನಾಯಕನಾದ ವೈಟ್‌ಕ್ಯಾಪನ ಸಲಹೆಯಂತೆ ದಕ್ಷಿಣ ಸಸ್ಕಾಚೆವಾನ್ ನದಿಯ ದಡದಲ್ಲಿ ಸ್ಥಳವನ್ನು ಗೊತ್ತುಮಾಡಿದನು. ಮರುವರ್ಷ ಮೊದಲ ಕುಟುಂಬಗಳು ಬಂದವು. ಆ ಬಯಲಿನಲ್ಲಿ ಬೆಳೆಯುವ ನೇರಿಳೆ ಬಣ್ಣದ ಸಣ್ಣ ಹಣ್ಣೊಂದಕ್ಕೆ ಕ್ರೀ ಭಾಷೆಯಲ್ಲಿರುವ ಹೆಸರೇ ತದ್ಭವಗೊಂಡು ಊರಿನ ಹೆಸರಾಯಿತು. ಸಂಘಕ್ಕೆ ದೊರೆತ ಭೂಮಿ ಅಖಂಡವಾಗಿರಲಿಲ್ಲವಾದ್ದರಿಂದ ಪಾನನಿರೋಧದ ನಿಯಮವು ನಿಲ್ಲಲಿಲ್ಲ. 1890ರಲ್ಲಿ ರೈಲು ಬಂದಿತು. 1906ರಲ್ಲಿ ನದಿಯ ಎರಡೂ ದಡಗಳ ಮೂರು ಊರುಗಳು ಕೂಡಿ ನಗರವೆನಿಸಿದವು.

ರೈಲಿಗಿಂತಲೂ ದೂರಗಾಮಿಯಾದ ಘಟನೆಯೆಂದರೆ ಪ್ರಾಂತದ ವಿಶ್ವವಿದ್ಯಾನಿಲಯವು 1909ರಲ್ಲಿ ರೆಜೈನಾಕ್ಕೆ ಹೋಗದೆ ಈ ಊರಿನ ಪಾಲಿಗೆ ಬಂದುದು. ಸಾಹಿತ್ಯ, ವಿಜ್ಞಾನಗಳ ಜೊತೆಯಲ್ಲಿ ಕೃಷಿಶಾಸ್ತ್ರಕ್ಕೂ ಅಲ್ಲಿ ಸಮಾನವಾದ ಆಸನ ದೊರೆಯಿತು. ಇದರ ಫಲ ಕೂಡಲೇ ಕಾಣಲಿಲ್ಲ. 1912ರ ಸುಮಾರಿಗೆ ನಿವೇಶನಗಳ ಬೆಲೆ ಗಗನಕ್ಕೇರಿ, ಮರುವರ್ಷವೇ ನೆಲಕ್ಕೆ ಬಿದ್ದಿತು. 1931ರಲ್ಲಿ 43,291 ಇದ್ದ ಜನಸಂಖ್ಯೆ 1941ರಲ್ಲಿ 43,027. ಹತ್ತು ವರ್ಷಗಳಲ್ಲಿ ಊರು ಬೆಳೆಯುವುದಿರಲಿ, ಕಿಂಚಿತ್ ಕುಗ್ಗಿಯೇ ಇತ್ತು! ಮಳೆ ಕೈಕೊಟ್ಟು, ಗೋಧಿಯ ಬೆಲೆ ಕುಸಿದು, ಸುತ್ತಣ ಒಕ್ಕಲುತನ ಕಂಗೆಟ್ಟಾಗ ಅದನ್ನೇ ನಂಬಿದ ನಗರಕ್ಕೆ ಬೇರೆ ಗತಿಯಿರಲಿಲ್ಲ.

ಆ ಒಂಟಿ ಅವಲಂಬನವನ್ನು ತಪ್ಪಿಸಿದವು ಎರಡು ವಸ್ತುಗಳು. ಮೊದಲನೆಯದು ಪೊಟ್ಯಾಷ್. ಎಣ್ಣೆಗಾಗಿ ಕೊರೆಯುವಾಗ 1940ರ ದಶಕದಲ್ಲಿ ಪತ್ತೆಯಾದ ಈ ಲವಣವು ನಗರದ ಆಸುಪಾಸಿನಲ್ಲಿ ಸುಮಾರು ಒಂದು ಕಿಲೋಮೀಟರು ಆಳದಲ್ಲಿದೆ. ಪುರಾತನ ಸಮುದ್ರವೊಂದು ಬತ್ತಿ ಉಳಿಸಿಹೋದ ನಿಕ್ಷೇಪವಿದು. 1951ರಲ್ಲಿ 53,268 ಇದ್ದ ಜನಸಂಖ್ಯೆ 1971ಕ್ಕೆ 1,26,449 ಆದುದರಲ್ಲಿ ಗಣಿಗಳ ಪಾತ್ರವೂ ಉಂಟು. ಪೊಟ್ಯಾಷಿಗಾಗಿ ಭಾರತವು ಬಹುಮಟ್ಟಿಗೆ ಹೊರದೇಶಗಳನ್ನೇ ಆಶ್ರಯಿಸಿದ್ದು, ಕೆನಡಾ ಅವುಗಳಲ್ಲೊಂದು. ನಮ್ಮ ರೈತರು ಕಬ್ಬಿಗೂ ದ್ರಾಕ್ಷಿಗೂ ಹಾಕುವ ಕೆಂಪು ಹರಳಿನ ಗೊಬ್ಬರವು ಆ ಪಾತಾಳದಿಂದ ಬಂದಿರಬಹುದು.

ಎರಡನೆಯದು ನಾವು ಚನ್ನಂಗಿ ಬೇಳೆಯೆಂದು ಕರೆಯುವ ಮಸೂರು. 1970ಕ್ಕೆ ಮುಂಚೆ ಸಸ್ಕಾಚೆವಾನಿನಲ್ಲಿ ಇದನ್ನು ಬೆಳೆಯುತ್ತಿದ್ದವರು ಇಲ್ಲವೆನ್ನುವಷ್ಟು ವಿರಳ. ವಿಶ್ವವಿದ್ಯಾನಿಲಯದಲ್ಲಿ 1971ರಲ್ಲಿ ಬೆಳೆ ಅಭಿವೃದ್ಧಿ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿಯ ವಿಜ್ಞಾನಿ ಆಲ್ ಸ್ಲಿಂಕಾರ್ಡರು 1978ರಲ್ಲಿ ‘ಲೇರ್ಡ್’ ಎಂಬ ತಳಿಯನ್ನು ಹೊರತಂದರು. ದ್ವಿದಳ ಧಾನ್ಯವು ತನ್ನ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಗೋಧಿಯಿಂದ ಬಳಲಿದ ಹೊಲಕ್ಕೆ ಸತ್ತ್ವ ಬರುತ್ತದೆ; ತೇವ ಕಾಯ್ದುಕೊಳ್ಳಲೆಂದು ಬೀಡು ಬಿಡುತ್ತಿದ್ದ ನೆಲವೂ ಫಲ ಕೊಡುತ್ತದೆ. ಅಂತೂ ಒಂದು ತಲೆಮಾರಿನೊಳಗೆ ಕೆನಡಾ ಜಗತ್ತಿನಲ್ಲಿಯೇ ಅತ್ಯಧಿಕ ಮಸೂರನ್ನು ರಫ್ತು ಮಾಡುವ ದೇಶವಾಯಿತು. ಅದರ ಬಹುಭಾಗ ಈ ಪ್ರಾಂತದ್ದೇ. 1909ರ ನಿರ್ಧಾರಕ್ಕೆ ಬೆಲೆ ಕಟ್ಟುವವರು ಈ ಬೇಳೆಯನ್ನು ತೂಗಿ ನೋಡಬೇಕು.

ಆದರೆ ಕೊಳ್ಳುವವನು ದೂರದಲ್ಲಿದ್ದರೆ ಬೆಳೆಯುವವನ ಭಾಗ್ಯವೂ ದೂರದಲ್ಲಿಯೇ ನಿರ್ಣಯವಾಗುತ್ತದೆ. 2017ರ ನವೆಂಬರಿನಲ್ಲಿ ಭಾರತ ಸರ್ಕಾರವು ತನ್ನ ರೈತರ ಹಿತಕ್ಕಾಗಿ ಬಟಾಣಿಯ ಮೇಲೆ ಶೇಕಡ 50ರಷ್ಟೂ, ಮರುತಿಂಗಳು ಮಸೂರಿನ ಮೇಲೆ ಶೇಕಡ 30ರಷ್ಟೂ ಆಮದು ಸುಂಕ ವಿಧಿಸಿತು. ಮುಂದಿನ ಬಿತ್ತನೆಯಲ್ಲಿ ಸಸ್ಕಾಚೆವಾನಿನ ರೈತರು ಈ ಬೆಳೆಗಳ ಕ್ಷೇತ್ರವನ್ನು ತಗ್ಗಿಸಿದರು. ನಮ್ಮ ರೈತನಿಗೆ ಅದು ನ್ಯಾಯವೇ; ಅವರಿಗೆ ಅದೇ ಪೆಟ್ಟು.

2006ರಲ್ಲಿ 2,02,340 ಇದ್ದ ಜನಸಂಖ್ಯೆ ಮುಂದಿನ ಹದಿನೈದು ವರ್ಷಗಳಲ್ಲಿ ಅರವತ್ತು ಸಾವಿರಕ್ಕೂ ಮಿಗಿಲಾಗಿ ಹೆಚ್ಚಿದೆ. ಈಚೆಗೆ ಬಂದವರಲ್ಲಿ ಫಿಲಿಪ್ಪೀನ್ಸಿನವರೂ ಭಾರತೀಯರೂ ಬಹುಮಂದಿ. ಪೊಟ್ಯಾಷಿನ ಬೆಲೆ ಏರುತ್ತಿದ್ದ 2007ರ ಸುಮಾರಿಗೆ ಮನೆಗಳ ಬೆಲೆಯೂ ತೀವ್ರವಾಗಿ ಏರಿ, ಹಳೆಯ ಬಾಡಿಗೆದಾರರಿಗೆ ಬದುಕು ದುರ್ಭರವಾಯಿತು. ಏಳಿಗೆಯ ಅಂಕಿಗಳನ್ನು ಓದುವಾಗ ಈ ಮುಖವನ್ನು ಮರೆಯಲಾಗದು.

ನೆಲದ ಮೂಲನಿವಾಸಿಗಳ ಪಾಲೇನೆಂಬುದು ಉಳಿದ ಪ್ರಶ್ನೆ. ನಗರದ ಜನರಲ್ಲಿ ಹತ್ತರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಅವರೇ. ಹಳೆಯ ಒಡಂಬಡಿಕೆಯಂತೆ ತಮಗೆ ಸಲ್ಲಬೇಕಾಗಿದ್ದ ಭೂಮಿಯ ಬಾಬ್ತು ಮಸ್ಕೆಗ್ ಲೇಕ್ ಕ್ರೀ ಜನಾಂಗವು 1988ರಲ್ಲಿ ನಗರದೊಳಗೇ ಸ್ವಂತ ನೆಲವನ್ನು ಪಡೆಯಿತು. ಇಂದು ಅಲ್ಲಿ ಕಚೇರಿಗಳೂ ವ್ಯಾಪಾರ ಸಂಸ್ಥೆಗಳೂ ನಡೆಯುತ್ತಿವೆ. ನಗರಸಭೆಯು ಒಪ್ಪಂದದ ಮೇರೆಗೆ ಸೇವೆಗಳನ್ನು ಒದಗಿಸಿ, ತೆರಿಗೆಗೆ ಬದಲಾಗಿ ಶುಲ್ಕವನ್ನು ಪಡೆಯುತ್ತದೆ.