ಎರಿ ಸಮೇತ ಜೇನು: ಸಸ್ಯಾಹಾರಿಯ ಎಲೆಗೆ ಬಡಿಸಬಹುದೇ?

ಹೋದ ವರ್ಷ ವೈಶಾಖದಲ್ಲಿ ಕುಮಟೆ ಕಡೆಯ ಗೃಹಸ್ಥರೊಬ್ಬರು ನಮ್ಮ ಹಟ್ಟಿಕೇರಿಯ ಮಾರಾಟ ಮಳಿಗೆಗೆ ಬಂದು ಒಂದು ಗಾಜಿನ ಬಾಟಲಿಯನ್ನು ಮೇಜಿನ ಮೇಲಿಟ್ಟರು. ನಮ್ಮಲ್ಲಿಂದಲೇ ಒಯ್ದ ಬಾಟಲಿ. ಜೇನಿನಲ್ಲಿ ಎರಿಯ ತುಂಡು ಮುಳುಗಿತ್ತು. ಪಕ್ಕದಲ್ಲಿ ಅಕ್ಕಿಕಾಳಿನಂಥ ಎರಡು ಬಿಳಿ ಮರಿಗಳು ತೇಲುತ್ತಿದ್ದವು. "ಸತ್ಯನಾರಾಯಣ ಪೂಜೆಯ ಪಂಚಾಮೃತಕ್ಕೆ ಇದನ್ನೇ ಹಾಕಿದ್ದು ಮಾರಾಯ್ರೆ. ಆಯಿಗೆ ಇನ್ನೂ ಹೇಳಲಿಲ್ಲ" ಎಂದರು. ಕೂಗಾಡಲಿಲ್ಲ. ಹಣ ಹಿಂದಿರುಗಿಸಹೋದರೆ ತೆಗೆದುಕೊಳ್ಳಲೂ ಇಲ್ಲ.

ಅಂದಿನಿಂದ ಎರಿಜೇನಿನ ಮಾರಾಟವನ್ನು ನಾವು ನಿಲ್ಲಿಸಿದ್ದೇವೆ. ಆದರೆ ಹೆದ್ದಾರಿಯಲ್ಲಿ ಹೋಗುವವರು ಎರಿ ಸಮೇತ ಕೇಳುತ್ತಾರೆ, ಬರೀ ಜೇನಿಗಿಂತ ಹೆಚ್ಚು ಬೆಲೆಯನ್ನೂ ಕೊಡುತ್ತಾರೆ. ಆದ್ದರಿಂದ ಮತ್ತೆ ಆರಂಭಿಸಬೇಕೆಂದು ಕೆಲವು ಸದಸ್ಯರು ಒತ್ತಾಯಿಸುತ್ತಿದ್ದಾರೆ. ಎರಿಯಿದ್ದರೆ ಬೆರಕೆಯಿಲ್ಲ ಎಂಬುದು ಗಿರಾಕಿಗಳ ನಂಬಿಕೆ. (ಈ ನಂಬಿಕೆ ಪೂರ್ತಿ ಸರಿಯಲ್ಲ. ಸಕ್ಕರೆ ಪಾಕ ಕೊಟ್ಟರೆ ಹುಳು ಅದನ್ನೂ ಎರಿಯಲ್ಲೇ ತುಂಬಿ ಮುಚ್ಚಿಡುತ್ತದೆ. ಮಳೆಗಾಲದಲ್ಲಿ ಪಾಕ ಕೊಡುವ ನಮಗೆಲ್ಲ ಇದು ಗೊತ್ತಿದ್ದದ್ದೇ.) ಆದರೆ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಬೇರೆ: ಎರಿ ಸಸ್ಯಾಹಾರವೇ?

ಎರಿ ಎಂದರೆ ಮೇಣ. ಎಳೆಯ ಕೆಲಸಗಾರ ನೊಣದ ಹೊಟ್ಟೆಯ ಅಡಿಭಾಗದ ಗ್ರಂಥಿಗಳಿಂದ ಅದು ತೆಳುವಾದ ಹಪ್ಪಳದಂತೆ ಹೊರಬರುತ್ತದೆ. ನೊಣ ಅದನ್ನು ಅಗಿದು ಕೋಶ ಕಟ್ಟುತ್ತದೆ. ಪ್ರಾಣಿಯ ಮೈಯಿಂದ ಬಂದದ್ದು ನಿಜ, ಆದರೆ ಪ್ರಾಣಿಯ ಮಾಂಸವಲ್ಲ. ಹಾಲಿಗೆ ನಾವು ಹೇಳುವ ನ್ಯಾಯವನ್ನೇ ಇದಕ್ಕೂ ಹೇಳಬಹುದು. ಮೇಣ ಜೀರ್ಣವಾಗುವುದಿಲ್ಲ, ಅಗಿದು ಉಗುಳಿದರೂ ಆಯಿತು, ತುಸು ನುಂಗಿದರೂ ತೊಂದರೆಯಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲನ್ನು ಹೊರಗಿಟ್ಟಂತೆ ಜೇನುತುಪ್ಪವನ್ನೂ ಜೇನುಮೇಣವನ್ನೂ ಹೊರಗಿಟ್ಟಿದೆ. ಹಾಗಾಗಿ ಹಸಿರು ಚುಕ್ಕೆ ಹಾಕಲು ಅಡ್ಡಿಯಿಲ್ಲ. ಆದರೆ 2022ರಲ್ಲಿ ಬಂದ ವೀಗನ್ ಆಹಾರದ ನಿಯಮದಲ್ಲಿ ಹಾಲಿನ ಜತೆ ಜೇನಿಗೂ ಜಾಗವಿಲ್ಲ. ಆ ವ್ರತದವರು ಬಂದರೆ ನಮ್ಮಲ್ಲಿ ಕಾಫಿಪುಡಿ, ಮೆಣಸು ಇದೆ.

ಆದರೆ ಆ ನಿಯಮ ಹೇಳುವುದು ಮೇಣದ ಮಾತನ್ನು, ಮೇಣದೊಳಗಿನ ಮರಿಯದ್ದಲ್ಲ. ನಮ್ಮ ಬಾಟಲಿಯಲ್ಲಿ ಆದದ್ದು ಅದೇ.

ಒಂದೇ ಗೂಡಿನಲ್ಲಿ ಅಡಿಗೆಮನೆ, ಉಗ್ರಾಣ, ಬಾಣಂತಿಕೋಣೆ ಎಲ್ಲವೂ ಮೇಣದಿಂದಲೇ ಆಗುತ್ತವೆ. ಹೆಜ್ಜೇನಿನ ಒಂಟಿ ಎರಿಯಲ್ಲಿ ಮೇಲಿನ ದಪ್ಪ ಭಾಗದಲ್ಲಿ ಜೇನು, ಕೆಳಗೆ ಮೊಟ್ಟೆ ಮರಿ. ಪೊಟರೆಯ ತುಡುವೆ ಜೇನಿನಲ್ಲೂ ಜೇನು ಮೇಲೆ, ಮರಿ ಕೆಳಗೆ, ನಡುವೆ ಪರಾಗ. ಕಾಡಿನಿಂದ ತಂದ ಎರಿಯನ್ನು ಬಟ್ಟೆಯಲ್ಲಿ ಹಿಂಡಿದರೆ ಮರಿಯ ರಸವೂ ಜೇನಿಗೆ ಇಳಿಯುತ್ತದೆ. ಜೇನು ಕೀಳುವ ಕಾಡುಜನರಲ್ಲಿ ಅನೇಕರಿಗೆ ಮರಿಯೂ ಆಹಾರವೇ. ಅವರು ತಿಳಿದೇ ತಿನ್ನುತ್ತಾರೆ, ಅದರಲ್ಲಿ ಮುಚ್ಚುಮರೆಯಿಲ್ಲ. ತಿಳಿಯದೆ ತಿನ್ನುವವರು ಪೇಟೆಯಲ್ಲಿ ಬಾಟಲಿ ಕೊಂಡ ಸಸ್ಯಾಹಾರಿಗಳು.

ಜೈನ ಶ್ರಾವಕರ ಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜತೆಗೇ ಮಧುವನ್ನೂ ಬಿಡಬೇಕೆಂದು ಹೇಳಿರುವುದು ಈ ಕಾರಣಕ್ಕೇ. ಸೋಂದೆಯ ಸ್ವಾದಿ ಜೈನಮಠ ನಮ್ಮ ಜಿಲ್ಲೆಯಲ್ಲೇ ಇದ್ದರೂ, ಹವ್ಯಕರ ತೆಳ್ಳೇವಿನ ಮೇಲೆ ಬೀಳುವ ಜೇನು ಜೈನರಿಗೆ ಏಕೆ ವರ್ಜ್ಯವೆಂದು ನಮ್ಮಲ್ಲಿ ಬಹಳ ಮಂದಿ ಯೋಚಿಸಿದಂತಿಲ್ಲ. ಅವರು ಕಂಡದ್ದು ಸೂಡಿ ಹಚ್ಚಿ ಹುಳು ಸುಟ್ಟು ಎರಿ ಹಿಂಡುವ ಜೇನನ್ನು. ಆ ಜೇನಿನ ಮಟ್ಟಿಗೆ ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಪೆಟ್ಟಿಗೆ ಜೇನಿಗೆ ಅದು ಅನ್ವಯಿಸುವುದಿಲ್ಲವೆಂದು ಅವರೆದುರು ವಾದಿಸಲು ನಾವು ಹೋಗುವುದಿಲ್ಲ, ವ್ರತ ಅವರದು.

ಪೆಟ್ಟಿಗೆ ಬಂದ ಮೇಲೆ ನಮಗೆ ಸಿಕ್ಕ ದೊಡ್ಡ ಅನುಕೂಲವೆಂದರೆ ಬಾಣಂತಿಕೋಣೆಯನ್ನೂ ಉಗ್ರಾಣವನ್ನೂ ಬೇರೆ ಮಾಡಿದ್ದು. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಕಂಡುಕೊಂಡ ಚಲಿಸುವ ಚೌಕಟ್ಟನ್ನು ನಮ್ಮ ತುಡುವೆಯ ಅಳತೆಗೆ ಇಳಿಸಿದವರು ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್. ಕೆಳಗೆ ಸಂಸಾರ ಕೋಣೆ, ಮೇಲೆ ಜೇನು ಕೋಣೆ. ಮೇಲಿನ ಚೌಕಟ್ಟನ್ನು ಯಂತ್ರದಲ್ಲಿ ತಿರುಗಿಸಿ ಜೇನು ತೆಗೆದು, ಎರಿಯನ್ನು ಮರಳಿ ಕೊಟ್ಟರೆ ಮರಿಯೂ ಸಾಯದು, ಮೇಣವೂ ನಷ್ಟವಾಗದು.

ಎರಿಯನ್ನೇ ಕತ್ತರಿಸಿ ಮಾರಿದರೆ ಈ ಲೆಕ್ಕ ಬದಲಾಗುತ್ತದೆ. ಒಂದು ಕಿಲೋ ಮೇಣ ಕಟ್ಟಲು ಹುಳು ಆರರಿಂದ ಎಂಟು ಕಿಲೋ ಜೇನು ತಿನ್ನುತ್ತದೆಂದು ಜೇನುಶಾಸ್ತ್ರದವರ ಲೆಕ್ಕ. ಮಾರುವ ತುಂಡಿನಲ್ಲಿ ಮೇಣದ ಪಾಲು ಕಡಿಮೆಯೇ. ಆದರೂ ಎರಿ ಹೋದ ಕುಟುಂಬ ಹೂವಿನ ಕಾಲದಲ್ಲೇ ಮತ್ತೆ ಮನೆ ಕಟ್ಟುತ್ತ ಕೂರಬೇಕು. ಹಿಂಸೆಯ ಮಾತೆತ್ತಿದರೆ ಯಂತ್ರದ ಜೇನೇ ಹೆಚ್ಚು ಸೌಮ್ಯ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದುದನ್ನು ಕಂಡ ನಮಗೆ ಹುಳುವಿನ ಶ್ರಮವನ್ನು ಹಗುರಾಗಿ ಕಾಣಲು ಮನಸ್ಸಾಗದು. ಘಟ್ಟದ ಮೇಲಿನ ಸದಸ್ಯರ ರೊಬಸ್ಟಾ ಕಾಫಿಯಂತೂ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಜಾತಿಯಲ್ಲ; ಹೂಮಳೆಯ ಮರುವಾರ ಹುಳು ತೋಟಕ್ಕೆ ಬಂದಷ್ಟೂ ಅವರಿಗೇ ಲಾಭ.

ಇಷ್ಟಾಗಿಯೂ ಎರಿಜೇನು ಬೇಡವೆನ್ನುವುದು ನಮ್ಮ ಅಭಿಪ್ರಾಯವಲ್ಲ. ಸರಿಯಾದ ಎರಿಯನ್ನು ಸರಿಯಾಗಿ ಕತ್ತರಿಸಿದರೆ ಅದು ಸಸ್ಯಾಹಾರಿ ಧೈರ್ಯವಾಗಿ ತಿನ್ನಬಹುದಾದ ವಸ್ತು.

ರಾಣಿ ಮೇಲಕ್ಕೆ ಹತ್ತದಂತೆ ಎರಡು ಕೋಣೆಗಳ ನಡುವೆ ರಾಣಿತಡೆ ಜಾಳಿಗೆ ಇರಲೇಬೇಕು. ಜೇನು ಕೋಣೆಯ ಚೌಕಟ್ಟಿಗೆ ಮೇಣದ ಹಾಳೆ ಪೂರ್ತಿ ಹಾಕದೆ ಮೇಲಂಚಿಗೆ ಒಂದು ಪಟ್ಟಿ ಅಂಟಿಸಿ, ಉಳಿದುದನ್ನು ಹುಳುವೇ ಕಟ್ಟಲಿ. ಪೇಟೆಯ ಹಾಳೆಯಲ್ಲಿ ಪ್ಯಾರಾಫಿನ್ ಬೆರಕೆಯಿದ್ದರೆ ಗಿರಾಕಿ ತಿನ್ನುವುದು ಮೇಣದಬತ್ತಿಯನ್ನು. (ಅದೂ ಸಸ್ಯಾಹಾರವೇ ಅನ್ನಿ!) ಕತ್ತರಿಸುವ ಮೊದಲು ಎರಿಯನ್ನು ಬಿಸಿಲಿಗೆ ಹಿಡಿದು ನೋಡಿ. ಜೇನಿನ ಕೋಶದಲ್ಲಿ ಬೆಳಕು ಹೊನ್ನಿನಂತೆ ಹಾಯುತ್ತದೆ, ಮುಚ್ಚಳ ಬೆಳ್ಳಗೆ ಮಟ್ಟಸವಾಗಿರುತ್ತದೆ. ಮರಿಯ ಕೋಶದ ಮುಚ್ಚಳ ಕಂದು ಬಣ್ಣದ್ದು, ತುಸು ಉಬ್ಬಿದ್ದು, ಬೆಳಕು ಹಾಯದು. ಕಪ್ಪಾದ ಎರಿಯಂತೂ, ಈಗ ಅದರಲ್ಲಿ ಮರಿಯಿಲ್ಲದಿದ್ದರೂ, ಬೇಡವೇ ಬೇಡ. ಅಲ್ಲಿ ಬೆಳೆದುಹೋದ ಮರಿಗಳ ಪೊರೆ ಮತ್ತು ಮಲ ಕೋಶಕ್ಕೆ ಅಂಟಿಕೊಂಡೇ ಇರುತ್ತವೆ. ಕಪ್ಪು ಬಣ್ಣ ಬರುವುದೇ ಅದರಿಂದ. ಹಿಂದೆ ಬಂದ ಎರಿಗಳಲ್ಲಿ ಅರ್ಧದಷ್ಟು ಇಂಥವೇ ಆಗಿದ್ದವೆಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಾಗುತ್ತದೆ. ನೋಡದೆ ಬಾಟಲಿಗೆ ತುಂಬಿಸಿದವರು ನಾವೇ.

ಇನ್ನೊಂದು ಅಪಾಯ ಮೇಣದ ಪತಂಗದ ಮೊಟ್ಟೆ. ಕಣ್ಣಿಗೆ ಕಾಣದು, ಬಾಟಲಿಯೊಳಗೇ ಒಡೆದು ಹುಳುವಾಗಬಹುದು. ಒಳ್ಳೆಯ ಎರಿಯನ್ನೂ ಕತ್ತರಿಸಿದ ದಿನವೇ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಎರಡು ದಿನ ಡೀಪ್ ಫ್ರೀಜರಿನಲ್ಲಿಟ್ಟರೆ ಮೊಟ್ಟೆ ಸಾಯುತ್ತದೆ. ಕಟ್ಟಾ ಅಹಿಂಸಾವಾದಿಗೆ ಇದೂ ಒಪ್ಪಿಗೆಯಾಗದು. ಕೇಳಿದವರಿಗೆ ಇದ್ದುದನ್ನು ಇದ್ದಂತೆ ಹೇಳುವೆವು.

ಬರುವ ಹಂಗಾಮಿನಿಂದ ಪೆಟ್ಟಿಗೆಯ ಜೇನು ಕೋಣೆಯ ಬಿಳಿ ಎರಿಯನ್ನು ಮಾತ್ರ ಸಂಘ ಕೊಳ್ಳುತ್ತದೆ. ಹೆಜ್ಜೇನಿನ ಎರಿ, ಪೊಟರೆಯ ಎರಿ ತರಬೇಡಿ. ತರುವವರು ಹಗಲಲ್ಲೇ ತರಬೇಕು. ಕತ್ತಲಾದ ಮೇಲೆ ಬಂದುದನ್ನು ಮರುದಿನ ಬಿಸಿಲು ಬರುವವರೆಗೆ ತೂಗುವುದಿಲ್ಲ.

ಕುಮಟೆಯ ಆ ಗೃಹಸ್ಥರು ಈಚೆಗೆ ಮತ್ತೆ ಬಂದಿದ್ದರು. ಅರ್ಧ ಕಿಲೋ ಕಾಫಿಪುಡಿ ಒಯ್ದರು. ಜೇನು ಕೇಳಲಿಲ್ಲ, ನಾವೂ ತೋರಿಸಲಿಲ್ಲ.